ಊರೊಳಗೋ, ಊರಾಚೆಯೋ: ರೈಲು ಮಾರ್ಗದ ಆಯ್ಕೆಯನ್ನು ಪರಿಶೀಲಿಸುವ ಬಗೆ

ತುಮಕೂರಿಗೆ ರೈಲು ಬಂದದ್ದು 1884ರಲ್ಲಿ, ಬೆಂಗಳೂರಿನಿಂದ ಗುಬ್ಬಿಯ ಕಡೆಗೆ ಮೀಟರ್ ಗೇಜ್ ಹಳಿ ಹಾಕಿದಾಗ. ಅಂದು ಪೇಟೆಯಿಂದ ದೂರದಲ್ಲಿ, ಹೊಲಗಳ ನಡುವೆ ಹಾದುಹೋಗಿದ್ದ ಆ ಹಾದಿಯ ಎರಡೂ ಬದಿಯಲ್ಲಿ ಇಂದು ಬಡಾವಣೆಗಳು, ಕಾಲೇಜುಗಳು, ಅಂಗಡಿ ಸಾಲುಗಳು ಬೆಳೆದು ನಿಂತಿವೆ. 2011ರ ಜನಗಣತಿಯ ಹೊತ್ತಿಗೇ ನಗರದ ಜನಸಂಖ್ಯೆ 3,02,143 ಆಗಿತ್ತು. ಊರಿನ ಹೊರಗೆ ಹಾಕಿದ ಹಳಿ ಊರಿನ ಒಳಗೆ ಸೇರಿಹೋಗಲು ಮೂರು ನಾಲ್ಕು ತಲೆಮಾರು ಸಾಕಾಯಿತು. ಆದ್ದರಿಂದ ಹೊಸ ಮಾರ್ಗವೊಂದು ಊರೊಳಗೆ ಹೋಗಬೇಕೋ ಊರನ್ನು ಬಳಸಿ ಹೋಗಬೇಕೋ ಎಂದು ಯೋಚಿಸುವವರು, ಇಂದಿನ ಊರಿನ ನಕ್ಷೆಯನ್ನಷ್ಟೇ ಮುಂದಿಟ್ಟುಕೊಂಡರೆ ಅರ್ಧ ಲೆಕ್ಕವನ್ನು ಮಾತ್ರ ಮಾಡಿದಂತೆ.

ಈ ಪ್ರಶ್ನೆ ಈಗ ನಮ್ಮ ಜಿಲ್ಲೆಯಲ್ಲಿ ಬರಿಯ ಪಠ್ಯದ ವಿಷಯವಾಗಿ ಉಳಿದಿಲ್ಲ. ಶಿರಾ, ಹಿರಿಯೂರು, ಚಿತ್ರದುರ್ಗದ ಮೂಲಕ ದಾವಣಗೆರೆಗೆ ಒಂದು, ಕೊರಟಗೆರೆ, ಮಧುಗಿರಿ, ಪಾವಗಡದ ಮೂಲಕ ರಾಯದುರ್ಗಕ್ಕೆ ಇನ್ನೊಂದು, ಹೀಗೆ ಎರಡು ಹೊಸ ಮಾರ್ಗಗಳು ತುಮಕೂರಿನಿಂದ ಹೊರಡುವ ಯೋಜನೆಗಳಾಗಿವೆ. ಇಂತಹ ಮಾರ್ಗವೊಂದರ ನಕ್ಷೆ ಕೈಗೆ ಬಂದಾಗ ಅದನ್ನು ಹೇಗೆ ಓದಬೇಕು, ಯಾವುದನ್ನು ಮೊದಲು ನೋಡಬೇಕು, ಯಾವ ಪ್ರಶ್ನೆಯನ್ನು ಯಾವ ಹಂತದಲ್ಲಿ ಕೇಳಬೇಕು ಎಂಬುದನ್ನು ಗ್ರಾಮ ಪಂಚಾಯಿತಿ ಮತ್ತು ಪುರಸಭೆಯ ಸದಸ್ಯರಿಗೆ, ಜಮೀನುಳ್ಳವರಿಗೆ, ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಉಪಯೋಗವಾಗುವಂತೆ ಇಲ್ಲಿ ವಿವರಿಸಲಾಗಿದೆ.

ಮಾತಾಡಲು ತಕ್ಕ ಸಮಯ

ಹೊಸ ಮಾರ್ಗದ ಸರ್ವೆ ಸಾಮಾನ್ಯವಾಗಿ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಪ್ರಾಥಮಿಕ ವೀಕ್ಷಣೆ. ಎರಡನೆಯದು ಎಂಜಿನಿಯರಿಂಗ್ ಮತ್ತು ಸಂಚಾರದ ಲೆಕ್ಕಗಳೆರಡೂ ಸೇರಿದ ಪೂರ್ವಭಾವಿ ಸರ್ವೆ. ಮೂರನೆಯದು ಹಳಿಯ ಮಧ್ಯರೇಖೆಯನ್ನು ನೆಲದ ಮೇಲೆ ಗುರುತಿಸುವ ಅಂತಿಮ ಸ್ಥಳ ಸರ್ವೆ. ಊರೊಳಗೋ ಊರಾಚೆಯೋ ಎಂಬ ತೀರ್ಮಾನ ನಿಜವಾಗಿ ಆಗುವುದು ಎರಡನೆಯ ಹಂತದಲ್ಲಿ. ಆದರೆ ಜನ ಎಚ್ಚೆತ್ತುಕೊಳ್ಳುವುದು ಬಹುಮಟ್ಟಿಗೆ ಮೂರನೆಯ ಹಂತ ಮುಗಿದು ಕಲ್ಲು ನೆಟ್ಟ ಮೇಲೆ. ಅಷ್ಟು ಹೊತ್ತಿಗೆ ಒಂದು ಕಡೆ ಇನ್ನೂರು ಮೀಟರ್ ಸರಿಸಿದರೂ ಅದರ ಹಿಂದುಮುಂದಿನ ತಿರುವುಗಳು, ಏರುಗಳು, ಸೇತುವೆಗಳ ಸ್ಥಾನಗಳೆಲ್ಲ ಬದಲಾಗುವುದರಿಂದ ಅಧಿಕಾರಿಗಳು ಒಪ್ಪುವುದು ಕಷ್ಟ, ಮತ್ತು ಅವರ ಕಷ್ಟ ನೆಪವಲ್ಲ.

ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಮಾರ್ಗಗಳು ಸೇರಿಲ್ಲ. ಹೆದ್ದಾರಿಗೋ ಗಣಿಗೋ ನಡೆಯುವಂತಹ ಸಾರ್ವಜನಿಕ ಅಹವಾಲು ಸಭೆ ರೈಲಿಗೆ ತಾನಾಗಿ ನಡೆಯುವುದಿಲ್ಲ. ದೇವರಾಯನದುರ್ಗದ ಆಸುಪಾಸಿನಂತಹ ಅರಣ್ಯಭೂಮಿ ಅಡ್ಡ ಬಂದಾಗ ಮಾತ್ರ ಅರಣ್ಯ ಕಾಯಿದೆಯ ಅನುಮತಿ ಬೇಕಾಗುತ್ತದೆ. ಹೀಗಾಗಿ ನಕ್ಷೆಯನ್ನು ಕೇಳಿ ಪಡೆಯುವ ಕೆಲಸವನ್ನು ಊರಿನವರೇ ಮಾಡಬೇಕು.

ಕೈಯಲ್ಲಿರಬೇಕಾದ ಸಾಮಗ್ರಿ ಹೆಚ್ಚೇನೂ ಇಲ್ಲ. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಭೂಪಟ, ಆಯಾ ಗ್ರಾಮಗಳ ನಕ್ಷೆ, ಸರ್ವೆ ನಂಬರುಗಳನ್ನು ತೋರಿಸುವ ದಿಶಾಂಕ್ ಆ್ಯಪ್, ಉಪಗ್ರಹ ಚಿತ್ರಗಳಿಗಾಗಿ ಇಸ್ರೋದ ಭುವನ್, ಮತ್ತು ಊರಿನ ಮಾಸ್ಟರ್ ಪ್ಲಾನ್, ಇಷ್ಟು ಸಾಕು. ಭೂಪಟದಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತ ರೇಖೆಗಳ ನಡುವಿನ ಎತ್ತರದ ಅಂತರ 20 ಮೀಟರ್ ಇರುವುದರಿಂದ ಸಣ್ಣ ಹಳ್ಳ, ಸಣ್ಣ ದಿಣ್ಣೆಗಳು ಅದರಲ್ಲಿ ಕಾಣುವುದಿಲ್ಲ. ಅವನ್ನು ಕಾಣಲು ಪ್ರಸ್ತಾವಿತ ಹಾದಿಯುದ್ದಕ್ಕೂ ಒಮ್ಮೆ ಬೇಸಿಗೆಯಲ್ಲಿ, ಇನ್ನೊಮ್ಮೆ ನಮ್ಮಲ್ಲಿ ಮಳೆ ಜೋರಾಗುವ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ನಡೆಯಲೇಬೇಕು.

ಮೊದಲು ನಿಲ್ದಾಣ, ಆಮೇಲೆ ಹಳಿ

ಹಳಿ ಎಲ್ಲಿ ಹೋಗಬೇಕೆಂದು ವಾದಿಸುವ ಮುನ್ನ ನಿಲ್ದಾಣ ಎಲ್ಲಿ ಕೂರಬಲ್ಲದು ಎಂಬುದನ್ನು ಹುಡುಕಿಕೊಳ್ಳುವುದು ಸರಿಯಾದ ಕ್ರಮ, ಏಕೆಂದರೆ ಹಳಿ ಸಾಕಷ್ಟು ಕಡೆ ಹೋಗಬಹುದು, ನಿಲ್ದಾಣ ಕೆಲವೇ ಕಡೆ ಕೂರಬಹುದು. ಗೂಡ್ಸ್ ರೈಲು ನಿಲ್ಲುವ ಲೂಪ್ ಹಳಿಗೆ 686 ಮೀಟರ್, ಈಗಿನ ಹೊಸ ಯೋಜನೆಗಳಲ್ಲಿ 750 ಮೀಟರ್ ಉದ್ದ ಬೇಕು. ಎರಡು ತುದಿಗಳಲ್ಲಿ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟುಗಳನ್ನೂ ಸೇರಿಸಿದರೆ ಯಾರ್ಡ್, ಅಂದರೆ ನಿಲ್ದಾಣದ ಹಳಿಗಳ ಇಡೀ ಅಂಗಳ, ಒಂದು ಕಿಲೋಮೀಟರನ್ನು ದಾಟುತ್ತದೆ. ಆ ಉದ್ದದಲ್ಲಿ ನೆಲ ಬಹುತೇಕ ಸಮತಟ್ಟಾಗಿರಬೇಕು: ಯಾರ್ಡಿನ ಇಳಿಜಾರು 1:1200ಕ್ಕಿಂತ ಕಡಿದಾಗಿರಬಾರದೆಂಬುದು ಶಿಫಾರಸು, 1:400 ಎಂಬುದು ವಿಶೇಷ ಅನುಮತಿಯಿಲ್ಲದೆ ದಾಟಲಾಗದ ಮಿತಿ. ಅಂದರೆ 1,200 ಮೀಟರ್ ಉದ್ದದ ಯಾರ್ಡಿನ ಎರಡು ತುದಿಗಳ ನಡುವೆ ಎತ್ತರದ ವ್ಯತ್ಯಾಸ ಒಂದು ಮೀಟರ್ ಇದ್ದರೆ ಒಳ್ಳೆಯದು, ಮೂರು ಮೀಟರ್ ಮೀರುವಂತಿಲ್ಲ. ನಿಂತಿರುವ ವ್ಯಾಗನ್ ಬ್ರೇಕ್ ಸಡಿಲವಾದರೂ ತಾನಾಗಿ ಉರುಳಬಾರದೆಂಬುದು ಈ ನಿಯಮದ ಹಿಂದಿನ ಕಾರಣ.

ಇಂತಹ ನೇರವಾದ, ಮಟ್ಟಸವಾದ, ನೀರು ನಿಲ್ಲದ ಜಾಗಗಳನ್ನು ಊರಿನ ಸುತ್ತ ಗುರುತಿಸಿದರೆ ಎರಡೋ ಮೂರೋ ಸಿಕ್ಕಾವು. ಆಯ್ಕೆ ಅವುಗಳ ನಡುವೆಯೇ ನಡೆಯಬೇಕು. ಅವುಗಳಲ್ಲಿ ಒಂದೊಂದರಿಂದಲೂ ಬಸ್ ನಿಲ್ದಾಣಕ್ಕೆ, ಆಸ್ಪತ್ರೆಗೆ, ಸಂತೆಮಾಳಕ್ಕೆ, ಎಪಿಎಂಸಿಗೆ ಎಷ್ಟು ದೂರವಿದೆ ಎಂದು ಅಳೆಯಿರಿ.

ಇಲ್ಲಿ ಒಂದು ಲೆಕ್ಕವನ್ನು ಬಿಡಿಸಿ ನೋಡುವುದು ಒಳ್ಳೆಯದು. ಹತ್ತು ಕಿಲೋಮೀಟರ್ ನೇರ ಹಾದಿಯ ನಟ್ಟನಡುವೆ ಊರಿದೆ, ಅದನ್ನು ತಪ್ಪಿಸಲು ಹಳಿಯನ್ನು ಮೂರು ಕಿಲೋಮೀಟರ್ ಪಕ್ಕಕ್ಕೆ ಸರಿಸುತ್ತೇವೆ ಎಂದುಕೊಳ್ಳೋಣ. ಸುತ್ತಿದ ಹಾದಿಯ ಉದ್ದ ಸುಮಾರು 11.7 ಕಿಲೋಮೀಟರ್ ಆಗುತ್ತದೆ. ಹೆಚ್ಚಾದ 1.7 ಕಿಲೋಮೀಟರನ್ನು ಗಂಟೆಗೆ 100 ಕಿಲೋಮೀಟರ್ ವೇಗದ ರೈಲು ಒಂದು ನಿಮಿಷದಲ್ಲಿ ದಾಟುತ್ತದೆ. ಆದರೆ ಅದೇ ಮೂರು ಕಿಲೋಮೀಟರನ್ನು ಬೆಳಗಿನ ಜಾವ ಬೆಂಗಳೂರಿಗೆ ಕೆಲಸಕ್ಕೆ ಹೊರಡುವ ಹೆಣ್ಣುಮಗಳು, ರಾತ್ರಿ ಕೊನೆಯ ರೈಲಿನಿಂದ ಇಳಿಯುವ ವಿದ್ಯಾರ್ಥಿ ದಿನವೂ ಎರಡು ಸಲ ದಾಟಬೇಕು, ಆಟೋಗೆ ಕೊಡುವ ಹಣ ರೈಲಿನ ಟಿಕೆಟ್‌ಗಿಂತ ಹೆಚ್ಚಾದರೂ ದಾಟಬೇಕು. ಬೈಪಾಸ್‌ನ ನಿಜವಾದ ವೆಚ್ಚ ಹಳಿಯ ಉದ್ದದಲ್ಲಿಲ್ಲ, ನಿಲ್ದಾಣದ ದೂರದಲ್ಲಿದೆ. ಯೋಜನಾ ವರದಿಯಲ್ಲಿ ಮೊದಲನೆಯದರ ಲೆಕ್ಕವಿರುತ್ತದೆ, ಎರಡನೆಯದನ್ನು ಊರಿನವರು ಮಾಡಿ ಕೊಡಬೇಕು.

ಏರು ಮತ್ತು ತಿರುವು

ರೈಲಿಗೆ ಏರು ಎಂಬುದು ಲಾರಿಗಿಂತ ಬಹಳ ಕಠಿಣ. 4,000 ಟನ್ ತೂಕದ ಗೂಡ್ಸ್ ರೈಲನ್ನು 1:100ರ ಏರು 40 ಟನ್ ಬಲದಿಂದ ಹಿಂದಕ್ಕೆಳೆದರೆ 1:200ರ ಏರು 20 ಟನ್ ಬಲದಿಂದ ಎಳೆಯುತ್ತದೆ. ಇಡೀ ಮಾರ್ಗದಲ್ಲಿ ಒಂದೇ ಒಂದು ಕಡೆ ಕಡಿದಾದ ಏರು ಬಂದರೂ ಇಡೀ ಮಾರ್ಗದ ರೈಲಿನ ತೂಕವನ್ನು ಆ ಒಂದು ಏರೇ ನಿರ್ಧರಿಸುತ್ತದೆ. ಆದ್ದರಿಂದ ಊರೊಳಗಿನ ಹಾದಿಯನ್ನು ಉಳಿಸಿಕೊಳ್ಳಲು ಒಂದು ಕಡೆ ಕಡಿದಾದ ಏರನ್ನು ಒಪ್ಪಿಕೊಳ್ಳುವ ಪ್ರಸ್ತಾವವಿದ್ದರೆ ಅದನ್ನು ಸಂಶಯದಿಂದಲೇ ನೋಡಬೇಕು.

ತಿರುವು ಏರಿನ ಜೊತೆ ಸೇರಿ ಕಾಡುತ್ತದೆ. ರೈಲ್ವೆಯವರು ತಿರುವನ್ನು ಡಿಗ್ರಿಯಲ್ಲಿ ಹೇಳುತ್ತಾರೆ. 1750ನ್ನು ಡಿಗ್ರಿಯಿಂದ ಭಾಗಿಸಿದರೆ ತ್ರಿಜ್ಯ ಮೀಟರುಗಳಲ್ಲಿ ದೊರೆಯುತ್ತದೆ. 2 ಡಿಗ್ರಿ ಎಂದರೆ 875 ಮೀಟರ್, 4 ಡಿಗ್ರಿ ಎಂದರೆ 437.5 ಮೀಟರ್. ಹೊರಹಳಿಯನ್ನು ಗರಿಷ್ಠ ಮಿತಿಯಾದ 165 ಮಿಲಿಮೀಟರ್ ಎತ್ತರಿಸಿ, ಆ ವೇಗಕ್ಕೆ ಬೇಕಾದ ಎತ್ತರದಲ್ಲಿ ಇನ್ನೂ 75 ಮಿಲಿಮೀಟರ್ ಕೊರತೆಯನ್ನು ಒಪ್ಪಿಕೊಂಡರೂ, 2 ಡಿಗ್ರಿ ತಿರುವಿನಲ್ಲಿ ಲೆಕ್ಕಕ್ಕೆ ಸಿಗುವ ವೇಗ ಗಂಟೆಗೆ ಸುಮಾರು 124 ಕಿಲೋಮೀಟರ್, 4 ಡಿಗ್ರಿಯಲ್ಲಿ ಸುಮಾರು 87. ಇದಲ್ಲದೆ ಪ್ರತಿ ಡಿಗ್ರಿ ತಿರುವಿಗೆ ಏರಿನಲ್ಲಿ ಶೇಕಡ 0.04ರಷ್ಟನ್ನು ಕಡಿಮೆ ಮಾಡಬೇಕೆಂಬ ನಿಯಮವಿದೆ: 1:150ರ ಏರಿರುವ ಮಾರ್ಗದಲ್ಲಿ 4 ಡಿಗ್ರಿ ತಿರುವು ಬಂದರೆ ಅಲ್ಲಿನ ಏರು ಸುಮಾರು 1:197ಕ್ಕೆ ಇಳಿಯಬೇಕು. ಗುಡಿ, ಶಾಲೆ, ಮನೆಗಳನ್ನು ಒಂದೊಂದಾಗಿ ತಪ್ಪಿಸುತ್ತ ಹೋಗುವ ಹಾದಿ ಕರುಣೆಯದೆಂದು ಕಂಡರೂ, ಹಾಗೆ ಹುಟ್ಟಿದ ತಿರುವುಗಳು ಮುಂದಿನ ನೂರು ವರ್ಷ ಪ್ರತಿ ರೈಲಿನ ವೇಗವನ್ನೂ ಕುಗ್ಗಿಸುತ್ತವೆ. ತಪ್ಪಿಸಬೇಕಾದ ಒಂದೆರಡನ್ನು ಮೊದಲೇ ನಿರ್ಧರಿಸಿ, ದೂರದಿಂದಲೇ ದೊಡ್ಡ ತ್ರಿಜ್ಯದಲ್ಲಿ ಬಳಸುವುದು ಲೇಸು.

ನಮ್ಮ ಕಡೆ ಬಂಡೆಯೂ ಲೆಕ್ಕಕ್ಕೆ ಬರುತ್ತದೆ. ರಾಮನಗರದಿಂದ ಉತ್ತರಕ್ಕೆ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ ದೇವರಾಯನದುರ್ಗ, ಮಧುಗಿರಿ, ಪಾವಗಡದ ಬೆಟ್ಟಗಳನ್ನು ಎಬ್ಬಿಸಿದೆ. ಗಟ್ಟಿ ಬಂಡೆಯಲ್ಲಿ ಕಡಿದ ಹಾದಿಯ ಬದಿಗೋಡೆ ಬಹುತೇಕ ನೆಟ್ಟಗೆ ನಿಲ್ಲುವುದರಿಂದ ಜಮೀನು ಕಡಿಮೆ ಸಾಕು. ಆದರೆ ಮನೆಗಳ ಹತ್ತಿರ ಸಿಡಿಮದ್ದು ಇಡುವ ಪ್ರಶ್ನೆ ಬರುತ್ತದೆ.

ನೀರಿನ ದಾರಿ

ಜಮೀನಿನ ಬೆಲೆಗಿಂತ ಮೊದಲು ನೀರಿನ ದಾರಿಯನ್ನು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಜಮೀನಿಗೆ ಪರಿಹಾರ ಕೊಡಬಹುದು. ತಪ್ಪಾದ ಕಡೆ ಏರಿಸಿದ ಮಣ್ಣಿನ ದಿಬ್ಬದಿಂದ ಬತ್ತಿದ ಕೆರೆಗೂ ಮುಳುಗಿದ ಬಡಾವಣೆಗೂ ಪರಿಹಾರ ಕೊಡುವವರು ಯಾರೂ ಇರುವುದಿಲ್ಲ.

ಬಯಲುಸೀಮೆಯ ಕೆರೆಗಳು ಒಂಟಿಯಾಗಿಲ್ಲ. ಮೇಲಿನ ಕೆರೆಯ ಕೋಡಿ ಹರಿದು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ ಸೇರುವ ಸರಪಳಿ ಅದು. ಆರು ಮೀಟರ್ ಎತ್ತರದ ರೈಲ್ವೆ ದಿಬ್ಬ ಈ ಸರಪಳಿಯನ್ನು ಅಡ್ಡಗಟ್ಟಿದರೆ ಅದೇ ಒಂದು ಹೊಸ ಕೆರೆ ಏರಿಯಾಗಿ ನಿಲ್ಲುತ್ತದೆ. ಗುರುತಾದ ಹಳ್ಳಕ್ಕೆ ಸೇತುವೆ ಕೊಡುತ್ತಾರೆ. ಹೊಲದ ಮೇಲೆ ಹರಡಿಕೊಂಡು ಹರಿಯುವ ನೀರಿಗೆ, ನಕ್ಷೆಯಲ್ಲಿ ಗೆರೆಯಿಲ್ಲದ ಕಾಲುವೆಗೆ ಕೊಡದೆ ಬಿಡುವ ಸಂಭವ ಹೆಚ್ಚು. ಹಾದಿಯನ್ನು ಮಳೆಗಾಲದಲ್ಲಿ ನಡೆಯಬೇಕೆಂದು ಹೇಳಿದ್ದು ಇದಕ್ಕಾಗಿಯೇ. ನೀರು ಹರಿಯುವ ಪ್ರತಿ ಜಾಗದಲ್ಲೂ ಹಿರಿಯರನ್ನು ಕೇಳಿ, ದೊಡ್ಡ ಮಳೆಯಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ಗುರುತು ಹಾಕಿಕೊಳ್ಳಬೇಕು.

ನೀರನ್ನು ತಪ್ಪಿಸಲು ಹಳಿಗೆ ಒಳ್ಳೆಯ ಜಾಗವೆಂದರೆ ದಿಣ್ಣೆಯ ನೆತ್ತಿ. ತುಮಕೂರಿನ ಸುತ್ತ ಇದಕ್ಕೆ ವಿಶೇಷ ಅನುಕೂಲವಿದೆ: ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ, ಅಲ್ಲಿಯೇ ಹುಟ್ಟುವ ಶಿಂಷಾ ಕಾವೇರಿಯನ್ನು ಸೇರುತ್ತದೆ. ಎರಡು ನದಿಗಳ ಜಲಾನಯನವನ್ನು ಬೇರ್ಪಡಿಸುವ ದಿಣ್ಣೆ ಈ ಸೀಮೆಯಲ್ಲಿದೆ. ದಿಣ್ಣೆಯ ಹತ್ತಿರ ಹೋದಷ್ಟೂ ಹಳ್ಳಗಳು ಚಿಕ್ಕವಾಗುತ್ತವೆ, ಸೇತುವೆಗಳು ಕಡಿಮೆಯಾಗುತ್ತವೆ, ನಿಲ್ದಾಣದ ಯಾರ್ಡಿನಲ್ಲಿ ನೀರು ನಿಲ್ಲುವುದಿಲ್ಲ.

ಕೆರೆಯಂಗಳದ ಮೇಲೆ ಗೆರೆ ಎಳೆಯುವ ಆಸೆ ಮಾತ್ರ ಎಲ್ಲ ಕಡೆ ಹುಟ್ಟುತ್ತದೆ. ಸರ್ಕಾರಿ ಜಾಗ, ಮನೆಗಳಿಲ್ಲ, ಪರಿಹಾರದ ಗೋಜಿಲ್ಲ, ನೆಲವೂ ಸಮತಟ್ಟು. ಆದರೆ ಅಲ್ಲಿನ ಹೂಳುಮಣ್ಣು ರೈಲಿನ ಭಾರಕ್ಕೆ ಕುಸಿಯುತ್ತದೆ. ಒಣಗಿರುವ ಕೆರೆ ಎಂದೆಂದಿಗೂ ಒಣಗಿಯೇ ಇರುತ್ತದೆಂಬ ನಂಬಿಕೆಯೂ ಸಲ್ಲದು. ಕೋಲಾರದ ಉದಾಹರಣೆ ಕಣ್ಣಮುಂದಿದೆ: ವರ್ಷಗಟ್ಟಲೆ ಬರಿದಾಗಿದ್ದ ಅಲ್ಲಿನ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಹರಿಯತೊಡಗಿತು. ಅದಕ್ಕೂ ಮೊದಲು ಅಂತಹ ಕೆರೆಯಂಗಳವನ್ನು ಕಂಡು ಹಾದಿ ಗುರುತಿಸಿದ್ದವರ ಲೆಕ್ಕ ಒಂದೆರಡು ವರ್ಷಗಳಲ್ಲಿ ತಲೆಕೆಳಗಾಗುತ್ತಿತ್ತು.

ದಾಟುವ ದಾರಿಗಳು

ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನು 2019ರ ಆರಂಭದ ಹೊತ್ತಿಗೆ ಪೂರ್ತಿ ತೆಗೆದುಹಾಕಲಾಗಿದೆ, ಹೊಸ ಮಾರ್ಗಗಳನ್ನು ಗೇಟುಗಳಿಲ್ಲದೆಯೇ ಕಟ್ಟುವ ಉದ್ದೇಶವಿರುತ್ತದೆ. ಜೀವ ಉಳಿಸುವ ಕ್ರಮ ಇದು, ಸ್ವಾಗತಾರ್ಹವೇ. ಆದರೆ ಇದರರ್ಥ, ಹಳಿಗೆ ಅಡ್ಡ ಬರುವ ಪ್ರತಿ ರಸ್ತೆಗೂ ಮೇಲ್ಸೇತುವೆಯೋ ಅಂಡರ್‌ಪಾಸೋ ಸಿಗುತ್ತದೆ, ಇಲ್ಲವೇ ಆ ರಸ್ತೆ ಮುಚ್ಚಿಹೋಗುತ್ತದೆ.

ಮೇಲ್ಸೇತುವೆಯ ಅಳತೆಯನ್ನು ನೋಡಿ. ವಿದ್ಯುತ್ ತಂತಿಯಿರುವ ಹಳಿಯ ಮೇಲೆ ಸುಮಾರು ಆರೂವರೆ ಮೀಟರ್ ತೆರಪು ಬೇಕು. ಸೇತುವೆಯ ತೊಲೆಯ ದಪ್ಪವನ್ನು ಸೇರಿಸಿದರೆ ರಸ್ತೆ ಎಂಟು ಮೀಟರಿಗಿಂತ ಹೆಚ್ಚು ಏರಬೇಕು. 1:30ರ ಇಳಿಜಾರಿನಲ್ಲಿ ಒಂದೊಂದು ಬದಿಗೆ ಸುಮಾರು 250 ಮೀಟರ್, ಒಟ್ಟು ಅರ್ಧ ಕಿಲೋಮೀಟರ್ ಬೇಕಾಯಿತು. ಹಳೆಯ ಪೇಟೆಯಲ್ಲಿ ಅಷ್ಟು ಉದ್ದಕ್ಕೆ ಎರಡೂ ಬದಿಯ ಅಂಗಡಿಗಳ ಮುಂದೆ ಗೋಡೆ ಎದ್ದರೆ ಆ ಬೀದಿಯ ವ್ಯಾಪಾರ ಉಳಿಯುವುದಿಲ್ಲ. ಅಂಡರ್‌ಪಾಸ್ ಚಿಕ್ಕ ಜಾಗದಲ್ಲಿ ಮುಗಿಯುತ್ತದೆ, ಆದರೆ ಅದರ ತಳ ಪಕ್ಕದ ಚರಂಡಿಗಿಂತ ಕೆಳಗಿದ್ದರೆ ಪ್ರತಿ ಮಳೆಗೂ ತುಂಬಿಕೊಳ್ಳುತ್ತದೆ. ಪಂಪ್ ಇಡುತ್ತೇವೆಂಬ ಭರವಸೆಗಿಂತ, ನೀರು ತಾನಾಗಿ ಹರಿದುಹೋಗುವ ತಗ್ಗು ಎಲ್ಲಿದೆಯೆಂದು ನಕ್ಷೆಯಲ್ಲಿ ತೋರಿಸಿ ಎಂದು ಕೇಳಬೇಕು.

ಹಳಿಯನ್ನೇ ನಾಲ್ಕೈದು ಮೀಟರ್ ಕಡಿದು ಇಳಿಸಿದರೆ ಮೇಲ್ಸೇತುವೆಯ ಏರು ಅಷ್ಟರಮಟ್ಟಿಗೆ ತಗ್ಗುತ್ತದೆ. ಕಂಬಗಳ ಮೇಲೆ ಹಳಿಯನ್ನು ಎತ್ತಿದರೆ ಕೆಳಗಿನ ಊರು ಒಂದಾಗಿಯೇ ಉಳಿಯುತ್ತದೆ. ಖರ್ಚು ಬಹಳ, ಆದರೂ ದಟ್ಟವಾದ ಊರಿನೊಳಗೆ ಒಂದೆರಡು ಕಿಲೋಮೀಟರಿಗೆ ಅದೊಂದೇ ಮರ್ಯಾದೆಯ ಉತ್ತರವಾಗಬಹುದು. ಎತ್ತಿನಗಾಡಿ ದಾರಿ, ಸ್ಮಶಾನದ ದಾರಿ, ಶಾಲೆಗೆ ಹೋಗುವ ಕಾಲುದಾರಿಗಳನ್ನೂ ಬಿಡದೆ ಪಟ್ಟಿ ಮಾಡಿ, ಒಂದೊಂದರ ಮುಂದೆಯೂ ಅದಕ್ಕೆ ಏನು ವ್ಯವಸ್ಥೆ ಎಂದು ಬರೆಸಿಕೊಳ್ಳಬೇಕು. ಇನ್ನು ಮೂವತ್ತು ವರ್ಷಕ್ಕೆ ಊರು ಹಳಿಯ ಆಚೆ ಬೆಳೆಯುವುದು ಖಚಿತವಾದ ಕಡೆ, ರಸ್ತೆಯೇ ಇಲ್ಲದಿದ್ದರೂ ಈಗಲೇ ಅಗಲವಾದ ತೆರಪುಗಳನ್ನು ಬಿಡಿಸುವುದು ಜಾಣತನ. ದಿಬ್ಬ ಕಟ್ಟುವಾಗ ಬಿಡುವ ತೆರಪಿಗೂ, ರೈಲು ಓಡುತ್ತಿರುವಾಗ ದಿಬ್ಬವನ್ನು ಕೊರೆದು ಮಾಡುವ ತೆರಪಿಗೂ ಖರ್ಚಿನಲ್ಲಿ ಅಜಗಜಾಂತರ.

ಜಮೀನು

ಆರು ಮೀಟರ್ ಎತ್ತರದ ದಿಬ್ಬಕ್ಕೆ ಮೇಲ್ಭಾಗದಲ್ಲಿ ಒಂಟಿ ಹಳಿಗೆ 7.85 ಮೀಟರ್ ಅಗಲ, ಎರಡೂ ಬದಿಗೆ 2:1ರ ಇಳಿಜಾರು (ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಅಗಲ) ಎಂದು ಹಿಡಿದರೆ ಬುಡದ ಅಗಲ ಸುಮಾರು 32 ಮೀಟರ್ ಆಗುತ್ತದೆ. ಒಂದು ಕಿಲೋಮೀಟರಿಗೆ ಬುಡಕ್ಕೇ ಸುಮಾರು ಎಂಟು ಎಕರೆ, ತುಂಬಲು ಸುಮಾರು 1.19 ಲಕ್ಷ ಘನ ಮೀಟರ್ ಮಣ್ಣು. ಆ ಮಣ್ಣು ಯಾವ ಗುಡ್ಡದಿಂದ, ಯಾವ ಗೋಮಾಳದಿಂದ ಬರುತ್ತದೆಂದು ಕೇಳುವುದು ಅಧಿಕಪ್ರಸಂಗವಲ್ಲ.

ಎಕರೆಯ ಲೆಕ್ಕಕ್ಕಿಂತ ತುಂಡಾಗುವ ಲೆಕ್ಕ ಮುಖ್ಯ. ಬೋರ್‌ವೆಲ್ ಹಳಿಯ ಒಂದು ಕಡೆ, ತೆಂಗು ಅಡಿಕೆಯ ತೋಟ ಇನ್ನೊಂದು ಕಡೆ ಉಳಿದರೆ, ಪೈಪನ್ನು ಹಳಿಯ ಅಡಿಯಲ್ಲಿ ದಾಟಿಸಲು ರೈಲ್ವೆಯ ಅನುಮತಿ ಬೇಕು. ಮೂಲೆಯಲ್ಲಿ ಉಳಿಯುವ ಹತ್ತು ಗುಂಟೆಯ ತ್ರಿಕೋನದಲ್ಲಿ ಉಳುಮೆ ಸಾಧ್ಯವಿಲ್ಲ. ಹಳಿಯನ್ನು ಸರ್ವೆ ನಂಬರುಗಳ ಗಡಿಗೆ ಆದಷ್ಟು ಸಮಾನಾಂತರವಾಗಿ ಒಯ್ದರೆ ಇಂತಹ ತುಂಡುಗಳು ಕಡಿಮೆಯಾಗುತ್ತವೆ. ಐವತ್ತು ಮೀಟರಿನ ಸರಿಸುವಿಕೆಯಿಂದ ಇದು ಸಾಧ್ಯವಾಗುವ ಕಡೆಗಳನ್ನು ಊರಿನವರೇ ಚೆನ್ನಾಗಿ ತೋರಿಸಬಲ್ಲರು.

ಎರಡೂ ಬೇಕಾದಾಗ

ಊರೊಳಗಿನ ನಿಲ್ದಾಣವನ್ನು ಉಳಿಸಿಕೊಂಡು ಗೂಡ್ಸ್ ರೈಲುಗಳಿಗೆ ಮಾತ್ರ ಹೊರಗಿನಿಂದ ಬಳಸು ಹಾದಿ ಕೊಡುವುದು ಹಲವು ಕಡೆ ಒಳ್ಳೆಯ ಉತ್ತರ. ಅದಿರು, ಸಿಮೆಂಟ್ ಹೊತ್ತ ರೈಲಿಗೆ ಪೇಟೆಯಲ್ಲಿ ಕೆಲಸವಿಲ್ಲ. ಪ್ರಯಾಣಿಕನಿಗೆ ಹೊರವಲಯದಲ್ಲಿ ಕೆಲಸವಿಲ್ಲ. ಇಂತಹ ಕಡೆ ಎರಡು ಹಾದಿಗಳು ಕೂಡುವ ದಿಕ್ಕನ್ನು ಎಚ್ಚರದಿಂದ ನೋಡಬೇಕು, ಏಕೆಂದರೆ ತಪ್ಪು ದಿಕ್ಕಿನಲ್ಲಿ ಕೂಡಿದರೆ ಪ್ರತಿ ರೈಲೂ ನಿಂತು ಎಂಜಿನನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಬದಲಿಸಿಕೊಳ್ಳಬೇಕಾಗುತ್ತದೆ.

ಒಮ್ಮೆ ಗೊತ್ತುಮಾಡಿದ ದಿಕ್ಕು ಎಷ್ಟು ಕಾಲ ಉಳಿಯುತ್ತದೆಂಬುದಕ್ಕೆ ಕೋಲಾರ–ಚಿಕ್ಕಬಳ್ಳಾಪುರ ಮಾರ್ಗವನ್ನು ನೋಡಬಹುದು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ನ್ಯಾರೋಗೇಜ್ ಹಳಿಯಾಗಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಪೋಣಿಸಿಕೊಂಡು ಹೋದ ಹಾದಿ ಅದು. 2013ರಲ್ಲಿ ಬ್ರಾಡ್‌ಗೇಜ್ ಆದ ಮೇಲೂ ಅದೇ ಊರುಗಳ ಮೂಲಕ ಹೋಗುತ್ತದೆ. ರಸ್ತೆಯಲ್ಲಿ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಕೋಲಾರದವರು ಇಂದಿಗೂ ರೈಲಿನಲ್ಲಿ ಬಂಗಾರಪೇಟೆಯನ್ನೋ ಚಿಕ್ಕಬಳ್ಳಾಪುರವನ್ನೋ ಬಳಸಿಯೇ ಹೋಗಬೇಕು.

ಆಕ್ಷೇಪಣೆ ಬರೆಯುವಾಗ

ವಿಶೇಷ ರೈಲ್ವೆ ಯೋಜನೆಯೆಂದು ಘೋಷಿತವಾಗಿ, 1989ರ ರೈಲ್ವೆ ಕಾಯಿದೆಯ 20ಎ ಕಲಮಿನಡಿ ಅಧಿಸೂಚನೆ ಹೊರಟರೆ, ಆಕ್ಷೇಪಣೆ ಸಲ್ಲಿಸಲು 30 ದಿನಗಳ ಅವಕಾಶವಿರುತ್ತದೆ. ಬೇರೆ ಕಾಯಿದೆಯಡಿ ಭೂಸ್ವಾಧೀನ ನಡೆದರೆ ಗಡುವೂ ಬೇರೆ. ಆದ್ದರಿಂದ ಅಧಿಸೂಚನೆ ಕೈಗೆ ಬಂದ ಕೂಡಲೇ ಅದು ಯಾವ ಕಾಯಿದೆಯ ಯಾವ ಕಲಮಿನಡಿ ಹೊರಟಿದೆಯೆಂದು ಮೊದಲು ನೋಡಿಕೊಳ್ಳಬೇಕು. ನಮ್ಮ ಊರಿಗೆ ಅನ್ಯಾಯವಾಗಿದೆ ಎಂಬ ಒಂದು ಸಾಲಿನ ಅರ್ಜಿಗಿಂತ, ಯಾವ ಚೈನೇಜಿನಿಂದ (ಮಾರ್ಗದ ಆರಂಭದಿಂದ ಹಳಿಯುದ್ದಕ್ಕೂ ಅಳೆದ ದೂರ) ಯಾವ ಚೈನೇಜಿನವರೆಗೆ ಆಕ್ಷೇಪವಿದೆ, ಅಲ್ಲಿರುವ ಕಾಲುವೆ ಅಥವಾ ದಾರಿಯ ಸರ್ವೆ ನಂಬರ್ ಯಾವುದು, ಹಾದಿಯನ್ನು ಯಾವ ಕಡೆಗೆ ಎಷ್ಟು ಮೀಟರ್ ಸರಿಸಬೇಕು, ಸರಿಸಿದಾಗ ತಿರುವಿನ ತ್ರಿಜ್ಯ ಮತ್ತು ಏರು ಎಷ್ಟಾಗುತ್ತದೆ ಎಂಬುದನ್ನು ನಕ್ಷೆಯೊಡನೆ ಬರೆದ ಅರ್ಜಿಗೆ ಎಂಜಿನಿಯರ್ ಉತ್ತರ ಕೊಡಲೇಬೇಕಾಗುತ್ತದೆ. ಮಳೆಗಾಲದಲ್ಲಿ ತೆಗೆದ ಫೋಟೋಗಳಿಗೆ ದಿನಾಂಕ ಮತ್ತು ಸ್ಥಳದ ಗುರುತು ಇರಲಿ. ಪಂಚಾಯಿತಿಯ ಠರಾವಿನ ಪ್ರತಿಯನ್ನು ಲಗತ್ತಿಸಿ, ಭೂಸ್ವಾಧೀನಾಧಿಕಾರಿಗೆ ಒಂದು, ರೈಲ್ವೆಯ ನಿರ್ಮಾಣ ವಿಭಾಗಕ್ಕೆ ಇನ್ನೊಂದು ಪ್ರತಿ ಸಲ್ಲಿಸಿ, ಎರಡಕ್ಕೂ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು.